ಅಪ್ಪನಿಗೆ ತಗುಲಿದ ಸೋಂಕು

“ಬರ್ರಿ ಕಾಕಾ, ಕುಂದ್ರಿ. ಅಂಗಿ ಹಾಕ್ಕೊಂಡು ನಿಮ್ಮ ಜೋಡಿ ಬಂದೆ,” ಎಂದು ಅಪ್ಪ ಮಂಚದ ಬಳಿಯ ಖಾಲಿ ಕುರ್ಚಿಯತ್ತ ನೋಡಿ ನಕ್ಕರು. ಅದು ಬ್ಯಾಡಗಿಯ ನಮ್ಮ ಮನೆಯ ನಡುಮಧ್ಯಾಹ್ನ. ಅವರ ಕಾಕಾ ತೀರಿಕೊಂಡು ಬಹಳ ವರ್ಷಗಳಾಗಿದ್ದವು.

“ಸೋಂಕು ಐತಿ ತಮ್ಮಾ. ಸತ್ತವರು ಕರಿಯಾಕ ಬಂದಾರ, ಲಗೂ ತಾಯತ ಕಟ್ಟಸೂಣು,” ಎಂದಳು ಅವ್ವ ನನಗೆ.

ಅಪ್ಪನ ಮೈ ಸುಡುತ್ತಿತ್ತು. ಹೊದಿಕೆ ಸರಿಸಿದೆ. ಮೂತ್ರ ಹೊರಬರಲು ಅಳವಡಿಸಿದ್ದ ಕ್ಯಾಥೆಟರ್ ನಳಿಕೆಯ ಚೀಲವು ಅವರ ಹೊಟ್ಟೆಯ ಮೇಲಿತ್ತು, ಮೂತ್ರವು ಕದಡಿತ್ತು. ಬೀಗರು, ನೆಂಟರು ಬಂದಾಗಲೆಲ್ಲ ಅವ್ವ ಅದನ್ನೆತ್ತಿ ಹೊದಿಕೆಯೊಳಗೆ ಮುಚ್ಚಿಡುತ್ತಿದ್ದಳು.

“ಮಂದಿ ಮುಂದ ಅದನ್ನ ಜೋತು ಬಿಡ್ಲೇನು?” ಎಂದು, ಕೇಳಿದ ನನ್ನನ್ನೇ ಗದರಿದಳು.

ತಾಯತದ ಮಾತು ಬಿಟ್ಟು, ಅಪ್ಪನನ್ನೂ ಅವ್ವನನ್ನೂ ರಾಣೆಬೆನ್ನೂರಿಗೆ ಕರೆದೊಯ್ದೆ. ಅಲ್ಲಿನ ವೈದ್ಯೆ ಪರೀಕ್ಷಿಸಿ ಹೇಳಿದರು: “ಅಮ್ಮಾರ, ಸೋಂಕು ಖರೇ ಐತ್ರಿ, ಆದ್ರ ಮೂತ್ರದ್ದು. ವಯಸ್ಸಾದವರಿಗೆ ಇದರಿಂದ ಹಿಂಗ ಭ್ರಮೆ ಆಗತೈತಿ. ಚೀಲ ಮ್ಯಾಲಿಟ್ರ ಮೂತ್ರ ವಾಪಸ್ ಒಳಗ ಹೋಗತೈತಿ. ಹೊಟ್ಟಿಗಿಂತ ಕೆಳಗ ತೂಗಹಾಕ್ರಿ, ನೆಲಕ್ಕ ಮುಟ್ಟಸಬ್ಯಾಡ್ರಿ. ತಡಾ ಮಾಡಿದ್ರ ಜೀವಕ್ಕ ಕುತ್ತಾಗತಿತ್ತು.”

ಅಪ್ಪ ಚೇತರಿಸಿಕೊಂಡರು. ಈಗ ಬೀಗರ ಎದುರಿನಲ್ಲಿಯೂ ಚೀಲವು ಮಂಚದ ಕೆಳಪಟ್ಟಿಯಿಂದ ತೂಗುತ್ತಿರುತ್ತದೆ. ಅದನ್ನು ಮುಟ್ಟುವ ಮೊದಲೂ ಅನಂತರವೂ ಅವ್ವ ಸೋಪಿನಿಂದ ಕೈ ತೊಳೆಯುತ್ತಾಳೆ. ನಾನು ಮಾತ್ರ, ಅಪ್ಪ ಒಬ್ಬರೇ ಇದ್ದಾಗ ಅವರು ಯಾರೊಂದಿಗೋ ಮಾತಾಡುವ ದನಿ ಕೇಳಿಸಿದರೆ, ಥರ್ಮಾಮೀಟರ್ ಹಿಡಿದುಕೊಂಡೇ ಒಳಗೆ ಹೋಗುತ್ತೇನೆ.