ತಪ್ಪಿದರೆ ಮೊದಲಿನಿಂದ

ಆಫೀಸಿನಲ್ಲಿ ಅವಳನ್ನು ಎಲ್ಲರೂ ಸೂತ್ರದಕ್ಕ ಎಂದೇ ಕರೆಯುತ್ತಿದ್ದರು. ಸಂಸ್ಕೃತ ವಾಕ್ಯ ಬಿಡಿಸುವುದನ್ನು ಕಂಪ್ಯೂಟರಿಗೆ ಕಲಿಸುವುದು ಅವಳ ಕೆಲಸ. ಹಳೆಯ ವ್ಯಾಕರಣದ ಸುಮಾರು ನಾಲ್ಕು ಸಾವಿರ ಸೂತ್ರ ಅವಳಿಗೆ ಬಾಯಿಪಾಠ. ಎರಡು ಸೂತ್ರ ಜಗಳಕ್ಕೆ ನಿಂತರೆ ಯಾವುದು ಗೆಲ್ಲಬೇಕೆಂದು ಕಣ್ಣು ಮುಚ್ಚಿ ಹೇಳುತ್ತಿದ್ದಳು. ಜೊತೆಯವರು ಅದನ್ನೇ ಪ್ರೋಗ್ರಾಮಿಗೆ ಇಳಿಸುತ್ತಿದ್ದರು. ಎರಡು ಸಾವಿರ ವರ್ಷದ ಹಿಂದೆಯೇ ಇಷ್ಟು ಅಚ್ಚುಕಟ್ಟಾಗಿ ಯೋಚಿಸಿದ್ದಾರಲ್ಲ ಎಂದು ಬೆರಗಾಗುತ್ತಿದ್ದರು. ಆ ಸೂತ್ರಗಳು ಅವಳ ತಲೆಗೆ ಹೋದ ದಾರಿ ಯಾವುದೆಂದು ಮಾತ್ರ ಯಾರೂ ಕೇಳಲಿಲ್ಲ.

ದಾರಿ ಎಂದರೆ ಅಪ್ಪನ ಬೆತ್ತ. ಒಂದಕ್ಷರ ತಪ್ಪಿದರೆ ಒಂದು ಏಟು, ಆಮೇಲೆ ಮೊದಲನೆಯ ಸೂತ್ರದಿಂದ ಮತ್ತೆ ಶುರು. ಮೂರು ಸಾವಿರ ದಾಟಿ ತಪ್ಪಿದರೂ ಅಷ್ಟೇ. ಹತ್ತನೆಯ ವಯಸ್ಸಿನಲ್ಲಿ ಬಿದ್ದ ಹೊಡೆತಕ್ಕೆ ಎಡಗಿವಿಯಿಂದ ರಕ್ತ ಇಳಿಯಿತು. ಆ ಕಿವಿ ಮತ್ತೆ ಕೇಳಲಿಲ್ಲ. ವಿದ್ಯೆ ಸುಮ್ಮನೆ ಬರುತ್ತದೆಯೇ ಎಂದು ಅಮ್ಮ ಹತ್ತಿ ಒತ್ತಿದ್ದಳು. ದಂಡಂ ದಶಗುಣಂ ಎಂದವನಿಗೆ ಬಾಸುಂಡೆ ಎದ್ದಿರಲಿಕ್ಕಿಲ್ಲ.

ಅಮ್ಮ ತೀರಿಕೊಂಡ ಮೇಲೆ ಅಪ್ಪನನ್ನು ತನ್ನ ಮನೆಗೆ ಕರೆತಂದಳು. ಹಾಕಿದ್ದು ಒಂದೇ ಷರತ್ತು: ಏಳು ವರ್ಷದ ತನ್ನ ಮಗಳಿಗೆ ಅವನು ಪಾಠ ಹೇಳಕೂಡದು. ಮುದುಕ ಹೂಂ ಎಂದಿದ್ದ. ಶಾಲೆ ಬಿಟ್ಟ ಮೇಲೆ ಮಗು ಅಜ್ಜನ ಜೊತೆ ಇರುತ್ತಿತ್ತು.

ಒಂದು ದಿನ ಕರೆಂಟು ಹೋಗಿ ಆಫೀಸು ಬೇಗ ಬಿಟ್ಟಿತು. ಮನೆ ಬಾಗಿಲು ತೆರೆದರೆ ಮಗು ಗೋಡೆಗೆ ಒರಗಿ ನಿಂತು ಸೂತ್ರ ಒಪ್ಪಿಸುತ್ತಿತ್ತು. ತುಟಿ ಒಡೆದಿತ್ತು, ಬಲ ಅಂಗೈ ಊದಿತ್ತು. ಅಪ್ಪನ ಕೈಯಲ್ಲಿ ಮರದ ಹ್ಯಾಂಗರ್.

"ನಿನಗಿಂತ ಚುರುಕು ಕಣೇ ಇವಳು. ಆಗ್ಲೇ ಮುನ್ನೂರು ದಾಟಿದ್ದಾಳೆ," ಎಂದ ಹೆಮ್ಮೆಯಿಂದ.

ಸೂತ್ರದಕ್ಕನ ಮೈ ಉರಿದುಹೋಯಿತು. ಹ್ಯಾಂಗರ್ ಕಿತ್ತುಕೊಂಡು ಅವನ ಮುಖಕ್ಕೆ ಬೀಸಿದಳು. ಮತ್ತೊಂದು, ಮಗದೊಂದು. ಹುಬ್ಬು ಸೀಳಿತು, ಕನ್ನಡಕ ಒಡೆಯಿತು. ಮುದುಕ ತಲೆಗೆ ಕೈ ಅಡ್ಡ ಹಿಡಿದು ಮೂಲೆಯಲ್ಲಿ ಕುಸಿದ. ಬೈಯಲಿಲ್ಲ, ಶಪಿಸಲಿಲ್ಲ. ಮೊದಲನೆಯ ಸೂತ್ರದಿಂದ ಒಪ್ಪಿಸಲು ಶುರುಮಾಡಿದ. ಎಲ್ಲೂ ತಪ್ಪದಂತೆ, ಒಂದಾದ ಮೇಲೊಂದು.

ಇವನನ್ನೂ ಯಾರೋ ಹೀಗೇ ಬಡಿದಿದ್ದಾರೆ ಎಂದು ಅವಳಿಗೆ ಹೊಳೆದದ್ದು ಆಗ.

"ಸಾಕು ಅಪ್ಪಾ. ನಿಲ್ಸು," ಎಂದಳು. ಮುದುಕ ನಿಲ್ಲಿಸಲಿಲ್ಲ.

ಮಗಳನ್ನಾದರೂ ಎತ್ತಿಕೊಂಡು ಹೊರಗೆ ಹೋಗೋಣವೆಂದು ತಿರುಗಿ, ಅವಳತ್ತ ಕೈ ಚಾಚಿದಳು. ಹ್ಯಾಂಗರ್ ಇನ್ನೂ ಅವಳ ಕೈಯಲ್ಲೇ ಇತ್ತು. ಮಗು ಅದನ್ನು ನೋಡಿತು. ಅಳಲಿಲ್ಲ, ಓಡಲಿಲ್ಲ. ಊದಿದ ಕೈಯನ್ನು ಬೆನ್ನ ಹಿಂದೆ ಇಟ್ಟುಕೊಂಡು, ಎಡಗೈಯನ್ನು ಅಮ್ಮನ ಮುಂದೆ ಬಿಡಿಸಿ ಹಿಡಿಯಿತು.