ಕಾಲು ಕೆಳಗಿಳಿಯುವಷ್ಟರಲ್ಲಿ

ಓರಗಿತ್ತಿಯರ ಜಗಳ ಒಲೆಯ ಮುಂದೆ ನಡೆಯುತ್ತದೆ ಅಂದುಕೊಂಡವರು ಕ್ಯಾಲಿಫೋರ್ನಿಯಾದ ನೆವಾರ್ಕಿನ ನಮ್ಮ ಅಪಾರ್ಟ್‌ಮೆಂಟಿಗೆ ಬರಬೇಕಿತ್ತು. ಅಲ್ಲಿ ಅದು ಟೀವಿಯ ಮುಂದೆ ನಡೆಯಿತು. ಡಾಟ್‌ಕಾಂ ಉಬ್ಬರದ ಕಾಲ, ಬಾಡಿಗೆ ಆಕಾಶಕ್ಕೇರಿತ್ತು. ಜಗನ್ನಾಥ, ಸುಧನ್ವ ಎಂಬ ಮೈಸೂರಿನ ಅಣ್ಣತಮ್ಮಂದಿರು ಹೆಂಡಿರೊಡನೆ ಒಂದೇ ಮನೆಯಲ್ಲಿದ್ದರು. ಅವರ ಮೇಲಿನ ಮನೆ ನಮ್ಮದು. ಅಣ್ಣನ ಹೆಂಡತಿ ಊರ್ಮಿಳಾ ಸೌತ್ ಸ್ಯಾನ್ ಫ್ರಾನ್ಸಿಸ್ಕೋದ ಒಂದು ಲ್ಯಾಬಿನಲ್ಲಿ ಕೆಲಸಕ್ಕಿದ್ದಳು. ತಮ್ಮನ ಹೆಂಡತಿ ವಿಭಾಳ ವೀಸಾದಲ್ಲಿ ಕೆಲಸ ಮಾಡುವಂತಿರಲಿಲ್ಲ, ಹಗಲೆಲ್ಲ ಮನೆಯಲ್ಲೇ. ನಾನು ಹೇಳಹೊರಟದ್ದು ಈ ವಿಭಾಳ ಕತೆ. ಅವಳ ಪಕ್ಷ ವಹಿಸಿಯೇ ಹೇಳುತ್ತೇನೆ. ನ್ಯಾಯ ಬೇಕಾದವರು ಕೋರ್ಟಿಗೆ ಹೋಗಲಿ.

ಆ ಆಷಾಢದಲ್ಲಿ ವಿಭಾಳಿಗೆ ನಾಲ್ಕು ತಿಂಗಳ ಬಸಿರು ಹೋಯಿತು. ಆಸ್ಪತ್ರೆಗೆ ಕಾರಿನಲ್ಲಿ ಕರೆದೊಯ್ದವಳು ಊರ್ಮಿಳಾ. "ಹೊರಗೆ ಯಾರಿಗೂ ಹೇಳ್ಬೇಡಿ ಅಕ್ಕ," ಎಂದು ವಿಭಾ ಕೈ ಹಿಡಿದು ಕೇಳಿಕೊಂಡಿದ್ದಳು. "ಅಯ್ಯೋ, ನಾನ್ಯಾಕೆ ಹೇಳ್ಲಿ," ಅಂದಿದ್ದಳು ಆಕೆ. ಆಮೇಲೆ ನಮ್ಮ ಕನ್ನಡದ ಗುಂಪಿನ ವಾಣಿಶ್ರೀಯ ಸೀಮಂತ ಬಂತು. ವಿಭಾ ಆರತಿ ತಟ್ಟೆ ಎತ್ತಿದ್ದೇ ತಡ, ಎಲ್ಲ ಹೆಂಗಸರ ಎದುರು ಊರ್ಮಿಳಾ, "ಅವಳ ಕೈಲಿ ಬೇಡ ರೀ. ಪಾಪ, ಅವಳಿಗೆ ಮೊನ್ನೆ ತಾನೇ ಹೋಯ್ತು," ಎಂದುಬಿಟ್ಟಳು. ಯಾರೋ ತಟ್ಟೆಯನ್ನು ಮೆಲ್ಲಗೆ ಇಸಿದುಕೊಂಡರು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ನನ್ನ ಮೈಯೆಲ್ಲ ಉರಿಯಿತು. ವಿಭಾ ನೆಲ ನೋಡುತ್ತ ಕೂತಳು. ಅವಳಿಗೊಂದು ಉತ್ತರ ಹೊಳೆಯುವ ಮೊದಲೇ ಊರ್ಮಿಳಾ ಚಿರೋಟಿಯ ಮಾತಿಗೆ ಹೋಗಿಯಾಗಿತ್ತು.

ಊರ್ಮಿಳಾಳ ದೊಡ್ಡ ಹೆಮ್ಮೆ ಪ್ಲೇಸ್ಟೇಷನ್ನಿನ ಹೊಡೆದಾಟದ ಆಟ. ತಂದದ್ದು ಗಂಡಸರು, ಹುಚ್ಚು ಹಿಡಿದದ್ದು ಇವಳಿಗೆ. ಸಂಜೆ ಬಂದವಳೇ ಎಲ್ಲರನ್ನೂ ಒಂದೇ ಒದೆತದಿಂದ ಮಲಗಿಸುತ್ತಿದ್ದಳು: ಗಿರ್ರನೆ ತಿರುಗಿ ಬೀಸುವ ದೊಡ್ಡ ಒದೆತ. ವಿಭಾ ಅದನ್ನು ತಡೆಯುತ್ತಿದ್ದಳು. ತಡೆದು, ಸಿಟ್ಟಿನಲ್ಲಿ ತಾನೂ ಅಂಥದ್ದನ್ನೇ ಬೀಸಲು ಹೋಗಿ ಮತ್ತೆ ಒದೆ ತಿನ್ನುತ್ತಿದ್ದಳು.

ಒಂದು ಮಧ್ಯಾಹ್ನ ಹೆಪ್ಪಿಗೆ ಮೊಸರು ಕೇಳಲು ಇಳಿದು ಹೋದೆ. ವಿಭಾ ಒಂದು ಕಂಟ್ರೋಲರನ್ನು ಕೈಯಲ್ಲಿ ಹಿಡಿದು, ಇನ್ನೊಂದನ್ನು ನೆಲದಲ್ಲಿಟ್ಟು ಕಾಲಿನ ಹೆಬ್ಬೆರಳಿಂದ ಒತ್ತುತ್ತಿದ್ದಳು. ಹೆಬ್ಬೆರಳು ಊರ್ಮಿಳಾ, ಕೈ ತಾನು.

"ನೋಡಿ ಆಂಟಿ, ತಡೆದಾಗ ನನ್ನ ಕೈನೂ ಸ್ವಲ್ಪ ಹೊತ್ತು ಲಾಕಾಗತ್ತೆ. ಆದ್ರೆ ಅವಳ ಕಾಲು ಕೆಳಗಿಳಿಯೋಕೆ ಅದಕ್ಕಿಂತ ಜಾಸ್ತಿ ಹೊತ್ತು ಬೇಕು. ಸೆಕೆಂಡನ್ನ ಅರವತ್ತು ಚೂರು ಮಾಡಿದ್ರೆ ಒಂದು ಚೂರು ಒಂದು ಫ್ರೇಮು. ಅಂಥ ಕೆಲವು ಚೂರು ನಂಗೆ ಮೊದಲೇ ಸಿಗತ್ತೆ. ಫ್ರೇಮ್ ಅಡ್ವಾಂಟೇಜು ಅಂತಾರೆ ಇದಕ್ಕೆ."

ಊರ್ಮಿಳಾ ಈಗ ‘ಅಕ್ಕ’ ಹೋಗಿ ‘ಅವಳು’ ಆಗಿದ್ದಳು. ನನಗೆ ಹಿಡಿಸಿತು.

"ಹಾಗಾದ್ರೆ ಸರಿಯಾಗಿ ಒದಿ!" ಅಂದೆ.

"ಅಲ್ಲೇ ನಾನು ತಪ್ತಾ ಇದ್ದಿದ್ದು. ನನ್ನ ಒದೆತ ತಲುಪೋಷ್ಟರಲ್ಲಿ ಅವಳ ಕಾಲು ಇಳಿದಿರತ್ತೆ. ಆ ಸಂದಿಯಲ್ಲಿ ಹಿಡಿಸೋದು ಚಿಕ್ಕ ಗುದ್ದು ಮಾತ್ರ."

ದೀಪಾವಳಿಯ ಸಂಜೆ ನಾವೆಲ್ಲ ಅವರ ಮನೆಯಲ್ಲಿ ಕೂತಿದ್ದಾಗ ವಿಭಾ ಸವಾಲು ಹಾಕಿದಳು. "ಅಕ್ಕ, ಒಂದಾಟ. ಸೋತೋರು ಗೆದ್ದೋರು ಹೇಳಿದ್ದು ಮಾಡ್ಬೇಕು."

"ಹಾಗಾದ್ರೆ ಈ ವರ್ಷವೆಲ್ಲ ನನ್ನ ಲಂಚ್ ಡಬ್ಬಿ ಕಟ್ಟೋ ಕೆಲಸ ನಿಂದೇ," ಎಂದು ಊರ್ಮಿಳಾ ನಕ್ಕಳು.

ಒದೆತ ಬಂತು. ವಿಭಾ ತಡೆದಳು, ಟಪ್ ಅಂತ ಒಂದು ಗುದ್ದಿದಳು. ಮತ್ತೆ ಒದೆತ, ಮತ್ತೆ ಗುದ್ದು. ಕಟ್ಟಿರುವೆ ಕಚ್ಚಿದ ಹಾಗೆ, ಅಷ್ಟೇ. ಊರ್ಮಿಳಾಳಿಗೆ ಸಿಟ್ಟೇರಿದಷ್ಟೂ ಒದೆತ ಜಾಸ್ತಿ, ಒದೆತ ಜಾಸ್ತಿಯಾದಷ್ಟೂ ಗುದ್ದು. ಕೊನೆಗೆ ಅವಳ ಗೊಂಬೆ ಮಗುಚಿ ಬಿತ್ತು.

"ಏನ್ಬೇಕು, ಹೇಳು," ಅಂದಳು ಮುಖ ಊದಿಸಿಕೊಂಡು.

"ಸೀಮಂತಕ್ಕೆ ಬಂದಿದ್ದೋರಿಗೆಲ್ಲ ಈಗ್ಲೇ ಫೋನ್ ಮಾಡಿ. ನನ್ನ ವಿಷಯ ಹೇಳಿದ್ದು ಸುಳ್ಳು ಅನ್ನಿ."

"ಅದು ನಿಜ ತಾನೇ?"

"ಸುಳ್ಳು ಅನ್ನಿ."

ಊರ್ಮಿಳಾ ಗಂಡನ ಕಡೆ ನೋಡಿದಳು. "ಒಪ್ಕೊಂಡಿದ್ದು ನೀನೇ," ಅಂದರು ಜಗನ್ನಾಥ. ಫೋನ್ ಎತ್ತಿದಳು. "ಇಲ್ಲ ರೀ, ಅವತ್ತು ನಾನೇ ಸುಮ್ನೆ ಏನೋ ಅಂದ್ಬಿಟ್ಟೆ." ಇಂಥವಳ ಬಾಯಲ್ಲಿ ಇಂಥ ಮಾತು! ನನಗಂತೂ ಹೋಳಿಗೆಗೆ ತುಪ್ಪ ಬಿದ್ದಂತಾಯಿತು. ವಿಭಾ ಎದುರಿಗೇ ನಿಂತು, ಕಣ್ಣು ಕೀಳದೆ, ಒಂದೊಂದು ಮನೆಗೂ ಮಾಡಿಸಿದಳು.

ಕೊನೆಯದು ವಾಣಿಶ್ರೀ. ಆಕೆ ಕೆದಕಿ ಕೇಳಿರಬೇಕು. ಊರ್ಮಿಳಾ ಬೇಸತ್ತು, "ಅಯ್ಯೋ ಇಲ್ಲಮ್ಮಾ, ಅವಳು ಬಸಿರೇ ಆಗಿರ್ಲಿಲ್ಲ. ಮಗುನೇ ಇರ್ಲಿಲ್ಲ," ಅಂದಳು.

ವಿಭಾ ಫೋನ್ ಕಿತ್ತುಕೊಂಡಳು. "ವಾಣಿ, ನಾನು ವಿಭಾ. ಮಗು ಇತ್ತು," ಎಂದು ಇಟ್ಟುಬಿಟ್ಟಳು.

ಊರ್ಮಿಳಾ ಅವಳ ಭುಜ ಮುಟ್ಟಲು ಹೋದಳು.

"ಮುಟ್ಬೇಡಿ. ಮತ್ತೆ ಎಲ್ಲರಿಗೂ ಮಾಡಿ. ಇತ್ತು ಅನ್ನಿ. ನಿಮ್ಮ ಬಾಯಲ್ಲೇ ಅನ್ನಿ."

ಊರ್ಮಿಳಾ ಅಳುತ್ತಲೇ ಮೊದಲ ಮನೆಯ ನಂಬರು ಒತ್ತಿದಳು.