ಐದೂಮುಕ್ಕಾಲು ಗಂಟೆಯ ಹಾದಿ

ಪಾಪುವಾದ ಜಯಾಪುರದಲ್ಲಿ ಇಪ್ಪತ್ತೆಂಟು ವರ್ಷಗಳಿಂದ ಅನ್ನದ ಅಂಗಡಿ ನಡೆಸುತ್ತಿದ್ದ ಯುಸ್ನಿದಾರ್ ಯಾರ ಹಂಗಿನಲ್ಲೂ ಬದುಕಿದವಳಲ್ಲ. ಗಂಡ ತೀರಿಕೊಂಡ ಮರುವಾರವೇ ರೆಂದಾಂಗ್ ಮಾಂಸದಡುಗೆಯ ಬಾಣಲೆಯ ಮುಂದೆ ನಿಂತವಳು. ದೇಶದ ಇನ್ನೊಂದು ಕೊನೆಯಲ್ಲಿ, ಸುಮಾತ್ರದ ಪರಿಯಾಮಾನಿನಲ್ಲಿದ್ದ ತಾಯಿಗೆ ಅವಳೊಬ್ಬಳೇ ಮಗಳು. ಅವರ ಮಿನಾಂಗ್ ಜನರಲ್ಲಿ ತಾಯಿಯ ಮನೆ ಮಗಳಿಗೆ ಸೇರಿದ್ದು. ಮಗ ಹೆಂಡತಿಯ ಮನೆ ಸೇರುವವನು. ಅಮ್ಮನ ಮುಖ ನೋಡಿದ ಮೇಲೆಯೇ ಮಣ್ಣು ಮಾಡಬೇಕೆಂದು ಅವಳು ಎಲ್ಲರಿಗೂ ಹೇಳಿಟ್ಟಿದ್ದಳು.

ತಾಯಿ ಸತ್ತದ್ದು ಬೆಳಗಿನ ನಮಾಜಿನ ಹೊತ್ತಿಗೆ. ತಮ್ಮ ಜುಲ್ಫಾನ್ ಫೋನ್ ಮಾಡಿದಾಗ ಜಯಾಪುರದಲ್ಲಿ ಏಳೂವರೆ, ಅಲ್ಲಿ ಐದೂವರೆ.

“ಉನಿ, ಅಕ್ಕಾ, ಫೋನಲ್ಲಿ ನೋಡ್ದೆ. ನಾಲ್ಕು ಸಾವಿರದ ನಾನೂರ ಎಪ್ಪತ್ತು ಕಿಲೋಮೀಟರು, ಐದೂಮುಕ್ಕಾಲು ಗಂಟೆ. ಎರಡು ಗಂಟೆಗೆಲ್ಲ ಬಂದುಬಿಡ್ತೀಯ.”

“ಯಾವ ವಿಮಾನ ನೇರ ಹಾರುತ್ತೋ? ಮಕಾಸರ್‌ನಲ್ಲಿ ಇಳೀಬೇಕು, ಜಕಾರ್ತಾದಲ್ಲಿ ಇಳೀಬೇಕು. ನಾಳೆ ಬೆಳಿಗ್ಗೆ ಎಂಟಕ್ಕೆ ಬರ್ತೀನಿ. ಅಲ್ಲೀವರೆಗೂ ಕಾಯಿ ಅಂತ ಮಾಮನಿಗೆ ಹೇಳು.”

“ಹೇಳ್ತೀನಿ, ಹೇಳ್ತೀನಿ. ನೀನು ಮೊದಲು ಒಲೆ ಆರಿಸಿ ಹೊರಡು.”

ಅವನು ಹೇಳಲಿಲ್ಲ. ಅಕ್ಕನ ಮಾತಿಗಿಂತ ಪರದೆಯ ಮೇಲಿನ ಅಂಕಿಯನ್ನು ನಂಬಿದ. ಮಸೀದಿಯ ಧ್ವನಿವರ್ಧಕದಲ್ಲಿ, ಮಗಳು ಎರಡಕ್ಕೆ ಬರುತ್ತಾಳೆ, ಇಳಿಹೊತ್ತಿನ ಅಸರ್ ನಮಾಜಿನ ನಂತರ ದಫನ ಎಂದು ಸಾರಿಸಿದ.

ಮಕಾಸರ್‌ನಲ್ಲಿ ಎರಡನೆಯ ವಿಮಾನದ ಸಾಲಿನಲ್ಲಿ ನಿಂತಿದ್ದಾಗ ಅವಳ ಫೋನ್ ಬಡಿದುಕೊಂಡಿತು.

“ಮಣ್ಣು ಮಾಡಿ ಮುಗೀತು, ಉನಿ. ಎರಡಾಯ್ತು, ಮೂರಾಯ್ತು, ನೀನು ಬರಲಿಲ್ಲ. ಜನ ಎಷ್ಟು ಹೊತ್ತು ನಿಂತಿರ್ತಾರೆ?”

ಹಿಂದಿದ್ದವನು “ಮುಂದೆ ಹೋಗಿ, ತಾಯಿ” ಎಂದ. ಅವಳು ಮುಂದೆ ಹೋದಳು. ಬೇರೆ ದಾರಿಯಿರಲಿಲ್ಲ. ಮರುದಿನ ಬೆಳಿಗ್ಗೆ ಮನೆಯ ಮೆಟ್ಟಿಲು ಹತ್ತಿದಾಗ ಅಂಗಳದಲ್ಲಿದ್ದ ಹೆಂಗಸರು ಸರಿದು ದಾರಿ ಬಿಟ್ಟರು. ಒಬ್ಬಳು ಮೆಲ್ಲಗಾಡಿದ್ದು ಕೇಳಿಸಿತು: “ಗಿರಾಕಿಗಳಿಗೆಲ್ಲ ಬಡಿಸಿ ಹೊರಟಿರಬೇಕು.”

ಸೋದರಮಾವ ನುರ್ಮಾನ್ ಮುದುಕ, ಕುಲದ ಯಜಮಾನ. ಅವಳು ಅವನೆದುರು ಕೂತು ಕೇಳಿದಳು: “ಒಂದು ರಾತ್ರಿ ಕಾಯೋಕಾಗಲಿಲ್ವಾ ಮಾಮ?”

“ಕಾಯ್ತಿದ್ದೆ. ಬೆಳಿಗ್ಗೆ ಬರ್ತೀಯಂತ ಗೊತ್ತಿದ್ರೆ ಯಾಕೆ ಕಾಯ್ತಿರಲಿಲ್ಲ? ಎರಡಕ್ಕೆ ಬರ್ತಾಳೆ ಅಂದ ಇವನು. ಬರಲಿಲ್ಲ. ಮನಸ್ಸಿಲ್ಲ ಅಂದ್ಕೊಂಡ್ವಿ.”

ಯುಸ್ನಿದಾರ್ ತಮ್ಮನ ಕಡೆ ತಿರುಗಿದಳು. ಅವನು ಕಾಫಿ ಲೋಟದೊಳಗೆ ನೋಡುತ್ತಿದ್ದ.

“ನಾಳೆ ಮೂರನೇ ದಿನದ ದುವಾ ಪ್ರಾರ್ಥನೆಗೆ ಊರೆಲ್ಲ ಬರುತ್ತೆ. ಎದ್ದು ನಿಂತು ನಿಜ ಹೇಳು,” ಎಂದಳು.

“ಹೇಳಿದ್ರೆ ಅಮ್ಮ ಎದ್ದು ಬರ್ತಾರಾ?”

“ಬರಲ್ಲ. ಅವಳ ಮುಖ ನಂಗಿನ್ನು ಸಿಗಲ್ಲ, ಅದನ್ನ ನೀನು ಕಿತ್ಕೊಂಡೆ. ಅದರ ಜೊತೆ ಬರದೇ ಇದ್ದ ಮಗಳು ಅನ್ನೋ ಹೆಸರನ್ನೂ ನಾನೇ ಹೊರಬೇಕಾ? ಹೇಳಲ್ಲ ಅಂದ್ರೆ ನಾನಿರೋವರೆಗೂ ಈ ಮೆಟ್ಟಿಲು ಹತ್ತಬೇಡ.”

ಜುಲ್ಫಾನ್ ಮಾವನ ಕಡೆ ನೋಡಿದ. “ಮನೆ ಅವಳದು,” ಎಂದ ಮಾವ.

ಮೂರನೆಯ ದಿನ ಮಧ್ಯಾಹ್ನ, ದುವಾ ಮುಗಿದು ತಟ್ಟೆಗಳು ಬರುವ ಮುಂಚೆ, ಅವನು ಎದ್ದ. ಅಕ್ಕ ಮೂರು ವಿಮಾನ ಹತ್ತಿ ಬಂದಳು, ಕಾಯಲು ಹೇಳಿದ್ದಳು, ನಾನು ಯಾರಿಗೂ ತಿಳಿಸಲಿಲ್ಲ ಎಂದು ಕಾಲಬೆರಳಿಗೆ ಹೇಳಿಕೊಂಡಂತೆ ಗೊಣಗಿದ.

“ಹಿಂದೆ ಕೂತವರಿಗೆ ಕೇಳಿಸಲಿಲ್ಲ,” ಎಂದಳು ಯುಸ್ನಿದಾರ್ ಹೆಂಗಸರ ಸಾಲಿನಿಂದ. “ಮೊದಲಿಂದ ಹೇಳು.”

ಅವನು ಮೊದಲಿಂದ ಹೇಳಿದ.